ಸಿದ್ಧಮಾತು ಮುಗಿದ ಮೇಲೆ

ಕಾಸರಗೋಡಿಗೆ ಸಾಕ್ಷ್ಯಚಿತ್ರ ಮಾಡಲೆಂದು ಬರುವವರಲ್ಲಿ ಹೆಚ್ಚಿನವರು ಎರಡು ವಿಷಯಗಳಲ್ಲಿ ಒಂದನ್ನು ತಮ್ಮ ಊರಿನಲ್ಲೇ ನಿಶ್ಚಯಿಸಿಕೊಂಡು ರೈಲು ಹತ್ತುತ್ತಾರೆ. ಒಂದು ಎಂಡೋಸಲ್ಫಾನ್ ಕೀಟನಾಶಕದ ದುರಂತ, ಇನ್ನೊಂದು ಗಡಿನಾಡ ಕನ್ನಡಿಗರ ಪಾಡು. ಎರಡೂ ನಮ್ಮ ಜಿಲ್ಲೆಯ ನಿಜವಾದ ನೋವುಗಳೇ, ಅವುಗಳ ಬಗ್ಗೆ ಇನ್ನಷ್ಟು ಚಿತ್ರಗಳು ಬಂದರೂ ಹೆಚ್ಚಾಗದು. ಆದರೆ ವಿಷಯ ಮೊದಲು ನಿಶ್ಚಯವಾಗಿ ಮನುಷ್ಯರನ್ನು ಆಮೇಲೆ ಹುಡುಕಲು ಹೊರಟಾಗ, ಸಿಗುವ ಮನುಷ್ಯರು ಆ ವಿಷಯಕ್ಕೆ ಕೊಡುವ ಉದಾಹರಣೆಗಳಾಗಿಯೇ ಉಳಿದುಬಿಡುತ್ತಾರೆ. ಪೆರ್ಲ, ಬದಿಯಡ್ಕ, ಬಾಯಾರು, ಮಂಜೇಶ್ವರಗಳ ನಡುವೆ ಕ್ಯಾಮೆರಾ ಹಿಡಿದು ಓಡಾಡುತ್ತ, ಹೊರಗಿನಿಂದ ಬರುವ ತಂಡಗಳಿಗೆ ದಾರಿ ತೋರಿಸಿ ಮಾತು ತಿಳಿಸಿಕೊಡುತ್ತ, ನಡುನಡುವೆ ನನ್ನದೇ ಚಿಕ್ಕ ಚಿತ್ರಗಳನ್ನು ಮಾಡುತ್ತ ಬಂದಿರುವ ನನಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇದೇ: ಒಬ್ಬ ಮನುಷ್ಯನನ್ನು ಅವನ ಸಮಸ್ಯೆಯ ಆಚೆಗೂ ಕಾಣುವಷ್ಟು ಹೊತ್ತು ಅವನ ಜಗಲಿಯಲ್ಲಿ ಕುಳಿತುಕೊಳ್ಳುವುದು ಹೇಗೆ, ಅದಕ್ಕೆ ಬೇಕಾದ ಸಮಯ, ಹಣ, ಭಾಷೆ ಮತ್ತು ವಿಶ್ವಾಸ ಎಲ್ಲಿಂದ ಬರಬೇಕು.

ಎಂಡೋಸಲ್ಫಾನಿನ ಸಂಗತಿಯನ್ನೇ ನೋಡಿ. ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಈ ಕೀಟನಾಶಕವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಲಾಗುತ್ತಿತ್ತು. ತೋಟಗಳಿರುವುದು ಗುಡ್ಡದ ನೆತ್ತಿಯಲ್ಲಿ. ಮನೆ, ಬಾವಿ, ನೀರಿನ ಸುರಂಗ, ತೋಡುಗಳೆಲ್ಲ ಕೆಳಗಿನ ಕಣಿವೆಗಳಲ್ಲಿ. ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮದ ಸುತ್ತಮುತ್ತ ರೋಗಿಗಳನ್ನು ನೋಡುತ್ತಿದ್ದ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮ ಕಣ್ಣಿಗೆ ಬಿದ್ದ ಕಾಯಿಲೆಗಳ ಬಗ್ಗೆ ಬರೆದರು, ಪತ್ರಕರ್ತ ಶ್ರೀಪಡ್ರೆ ಅದನ್ನು ಹೊರಜಗತ್ತಿಗೆ ಮುಟ್ಟಿಸಿದರು, ಕೃಷಿ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದ ಲೀಲಾಕುಮಾರಿಯಮ್ಮ 1998ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. 2011ರಲ್ಲಿ ಎಂಡೋಸಲ್ಫಾನ್ ಸ್ಟಾಕ್‌ಹೋಮ್ ಒಡಂಬಡಿಕೆಯ ನಿಷೇಧಿತ ವಸ್ತುಗಳ ಪಟ್ಟಿಗೆ ಸೇರಿತು, ಅದೇ ವರ್ಷದ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಲ್ಲಿ ಅದರ ತಯಾರಿ, ಮಾರಾಟ ಮತ್ತು ಬಳಕೆಯನ್ನು ತಡೆಯಿತು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿತು. ಈ ದೀರ್ಘ ಹೋರಾಟದಲ್ಲಿ ಛಾಯಾಚಿತ್ರಗಳೂ ಸಾಕ್ಷ್ಯಚಿತ್ರಗಳೂ ಮಾಡಿದ ಕೆಲಸ ಸಣ್ಣದಲ್ಲ. ದೂರದ ನಗರಗಳಲ್ಲಿ ಕುಳಿತು ವಿಷದ ಮಾತನ್ನು ಅನುಮಾನದಿಂದ ಕೇಳುತ್ತಿದ್ದವರನ್ನು ನಂಬಿಸಿದ್ದು ಆ ಚಿತ್ರಗಳೇ. ಕ್ಯಾಮೆರಾ ಇಲ್ಲಿಗೆ ಬರಬಾರದಿತ್ತು ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ ಎಂದೇ ನನ್ನ ಭಾವನೆ.

ಆದರೆ ಬಂದ ಕ್ಯಾಮೆರಾಗಳಿಗೆಲ್ಲ ಒಂದೇ ಚೌಕಟ್ಟು ಅಭ್ಯಾಸವಾಯಿತು. ಚಾಪೆಯ ಮೇಲೆ ಮಲಗಿದ ಮಗು, ಪಕ್ಕದಲ್ಲಿ ಕಣ್ಣೀರು ಒರೆಸುವ ತಾಯಿ, ಹಿನ್ನೆಲೆಯಲ್ಲಿ ಬಿರುಕು ಬಿಟ್ಟ ಗೋಡೆ. ಒಂದು ಮನೆಗೆ ಹೊರಗಿನ ತಂಡವೊಂದನ್ನು ಕರೆದುಕೊಂಡು ಹೋಗಿದ್ದಾಗ ಆ ಮನೆಯ ತಾಯಿ, “ಒಂದು ನಿಮಿಷ ನಿಲ್ಲಿ, ಅವನಿಗೆ ಒಳ್ಳೆ ಅಂಗಿ ಹಾಕ್ತೇನೆ, ತಲೆ ಬಾಚ್ತೇನೆ” ಎಂದು ಒಳಗೆ ಹೋಗಲು ಎದ್ದರು. ತಂಡದವರು ಬೇಡ, ಇರುವ ಹಾಗೆಯೇ ಇರಲಿ, ಸಹಜವಾಗಿ ಬರುತ್ತದೆ ಎಂದರು. ಆಕೆ ಮರುಮಾತಾಡದೆ ಕುಳಿತರು. ಬಂದವರ ಮುಂದೆ ಮಗನಿಗೆ ಮಡಿಚಿಟ್ಟ ಅಂಗಿ ತೊಡಿಸಿ, ಎಣ್ಣೆ ಹಚ್ಚಿ, ಬೈತಲೆ ತೆಗೆದು ಕೂರಿಸಬೇಕೆಂದು ಬಯಸಿದ ತಾಯಿಯೇ ಆ ಮನೆಯ ನಿಜವಾದ ಕಥೆ. ಇಪ್ಪತ್ತು ವರ್ಷ ದಾಟಿದ ಮಗನನ್ನು ದಿನವೂ ಎತ್ತಿ ಸ್ನಾನ ಮಾಡಿಸಿ, ಅವನಿಗೆ ಯಾವ ಬಣ್ಣ ಇಷ್ಟ, ಯಾವ ಹಾಡು ಕೇಳಿದರೆ ನಗುತ್ತಾನೆ ಎಂಬುದನ್ನೆಲ್ಲ ತಿಳಿದವರು ಆಕೆ. ಅಂಗಿ ಹಾಕುವುದನ್ನೇ ಚಿತ್ರೀಕರಿಸಿದ್ದರೆ ನೋಡುವವನಿಗೆ ಕಾಯಿಲೆಯೂ ಕಾಣುತ್ತಿತ್ತು, ಕಾಯಿಲೆ ಮುಟ್ಟಲಾಗದ ಅವರಿಬ್ಬರ ನಡುವಿನ ಬಾಳೂ ಕಾಣುತ್ತಿತ್ತು. ಸಹಜವೆಂದು ತಂಡದವರು ಕರೆದದ್ದು ಅವರ ಮನಸ್ಸಿನಲ್ಲಿ ಆಗಲೇ ಮೂಡಿದ್ದ ಚಿತ್ರವನ್ನು. ಆ ಮನೆಗೆ ಅದಾದ ಮೇಲೆ ನಾನು ಕ್ಯಾಮೆರಾ ಇಲ್ಲದೆ ಅನೇಕ ಸಲ ಹೋಗಿದ್ದೇನೆ. ಚಿತ್ರ ಮಾಡಿಲ್ಲ, ಮಾಡುವ ಯೋಚನೆಯೂ ಈಗಿಲ್ಲ. ಅವರ ಮನೆ ಸಾಕಷ್ಟು ಸಲ ಚಿತ್ರವಾಗಿದೆ.

ಹಲವು ಸಲ ಮಾತಾಡಿಸಲ್ಪಟ್ಟ ಜನರಲ್ಲಿ ಒಂದು ಸಿದ್ಧಮಾತು ಇರುತ್ತದೆ. ಅದು ಸುಳ್ಳಲ್ಲ. ಕೇಳಿದವರೆಲ್ಲ ಅದೇ ಪ್ರಶ್ನೆ ಕೇಳಿದ್ದರಿಂದ ಅದೇ ಉತ್ತರ ನಯವಾಗಿ, ಉದ್ದಗಲ ಸರಿಯಾಗಿ ಬಾಯಲ್ಲಿ ಕುಳಿತಿರುತ್ತದೆ. ಗಡಿಯ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಒಬ್ಬ ನಿವೃತ್ತ ಕನ್ನಡ ಮಾಷ್ಟ್ರ ಬಳಿ ಕುಳಿತರೆ, 1956ರ ನವೆಂಬರ್ 1ರಂದು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದ್ದು, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಬರಬೇಕೆಂದು 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಹೇಳಿದ್ದು, ಅದು ಜಾರಿಗೆ ಬಾರದೆ ಉಳಿದದ್ದು, ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ತುಂಬಿ 2015ರಲ್ಲಿ ತೀರಿಕೊಳ್ಳುವ ತನಕವೂ ವಿಲೀನದ ಆಸೆಯನ್ನು ಬಿಡದಿದ್ದದ್ದು ಇವೆಲ್ಲ ಒಂದರ ಹಿಂದೊಂದರಂತೆ ಬರುತ್ತವೆ. ಕೇಳಬೇಕಾದ ಮಾತೇ ಅದು, ಮಧ್ಯದಲ್ಲಿ ತಡೆಯಬಾರದು. ಪೂರ್ತಿ ಕೇಳಿ, ಕ್ಯಾಮೆರಾವನ್ನು ಆರಿಸದೆ, ಮುಂದಿನ ಪ್ರಶ್ನೆಗೆ ಅವಸರಪಡದೆ ಸುಮ್ಮನೆ ಕುಳಿತಿರುವುದು ಕಠಿಣ. ಹೊಸಬರಿಗೆ ಆ ಮೌನ ಕಸಿವಿಸಿಯಾಗಿ ಬೇರೊಂದು ಪ್ರಶ್ನೆ ಹಾಕಿಬಿಡುತ್ತಾರೆ.

ನಾನು ಕುಳಿತಿದ್ದ ಜಗಲಿಯಲ್ಲಿ ಹಾಗೆ ಮಾತು ನಿಂತ ಮೇಲೆ ಮಾಷ್ಟ್ರು ಎದ್ದು ಹೋಗಿ ಚಹಾ ತರಲು ಹೇಳಿ ಬಂದರು. ಬಂದವರು ಮೊಮ್ಮಗಳ ವಿಷಯ ಹೇಳತೊಡಗಿದರು. ತಾವು ಪಾಠ ಮಾಡಿದ ಅದೇ ಶಾಲೆಯ ಎದುರಿನಿಂದ ಅವಳು ಬೇರೆ ಮಾಧ್ಯಮದ ಶಾಲೆಯ ಬಸ್ಸು ಹತ್ತುತ್ತಾಳೆ, ಅಜ್ಜನ ಹತ್ತಿರ ಕನ್ನಡದಲ್ಲೇ ಮಾತಾಡುತ್ತಾಳೆ, ಆದರೆ ಅಜ್ಜ ಬರೆದ ಕಾಗದ ಓದಲು ಬಾರದು. “ನಾನು ಊರಿನ ಮಕ್ಕಳಿಗೆಲ್ಲ ಅಕ್ಷರ ತಿದ್ದಿಸಿದವ. ಇವಳನ್ನು ಕೂರಿಸಿಕೊಳ್ಳಲಿಕ್ಕೆ ಹೋದರೆ, ಅಜ್ಜ ಹೋಂವರ್ಕ್ ಉಂಟು ಅಂತಾಳೆ. ಹೌದಲ್ಲ, ಅವಳಿಗೆ ಹೋಂವರ್ಕ್ ಉಂಟು. ನೀನೇ ಹೇಳು, ನಾನು ಯಾರನ್ನು ಬೈಯುವುದು?” ಎಂದರು. ಗಡಿಯ ಬಗ್ಗೆ ನಾನು ಕೇಳಿದ ಭಾಷಣಗಳಲ್ಲಿ ಎಲ್ಲಿಯೂ ಈ ಪ್ರಶ್ನೆ ಇರಲಿಲ್ಲ. ಆಯೋಗದ ವರದಿಯಿಂದ ಹೋಂವರ್ಕಿನ ಪುಸ್ತಕದವರೆಗೆ ಬಂದು ನಿಂತ ಈ ಗಡಿಯನ್ನು ಮಾಷ್ಟ್ರು ತಾವಾಗಿಯೇ ಹೇಳಿದರು, ಹೇಳಿಸಿದ್ದು ಪ್ರಶ್ನೆಯಲ್ಲ, ಸಮಯ.

ಭಾಷೆಯ ಮಾತು ಬಂದುದರಿಂದ ಇನ್ನೊಂದು ಸಂಗತಿಯನ್ನು ಹೇಳಬೇಕು. ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಎಂದು ಏಳು ಭಾಷೆಗಳ ನೆಲವೆಂದು ನಮ್ಮ ಜಿಲ್ಲೆಯನ್ನು ಸಮಾರಂಭಗಳಲ್ಲಿ ಹೊಗಳುವುದುಂಟು. ಸಾಕ್ಷ್ಯಚಿತ್ರಕಾರನಿಗೆ ಇದು ಹೊಗಳಿಕೆಯಲ್ಲ, ದಿನನಿತ್ಯದ ಕೆಲಸದ ತೊಡಕು. ಮನೆಯಲ್ಲಿ ತುಳು, ಪಂಚಾಯತು ಕಚೇರಿಯಲ್ಲಿ ಮಲಯಾಳ, ಭಜನಾ ಮಂದಿರದಲ್ಲಿ ಕನ್ನಡ ಆಡುವ ಹೆಂಗಸಿನ ಎದುರು ಕ್ಯಾಮೆರಾ ಇಟ್ಟರೆ ಆಕೆ ಕೂಡಲೇ ಪುಸ್ತಕದ ಕನ್ನಡಕ್ಕೆ ಹೊರಳುತ್ತಾಳೆ. ಆ ಕನ್ನಡದಲ್ಲಿ ಆಕೆ ಯಾರನ್ನೂ ಬೈದಿಲ್ಲ, ಯಾರನ್ನೂ ಮುದ್ದಿಸಿಲ್ಲ. ಹಾಗಾಗಿ ಆ ಕನ್ನಡದಲ್ಲಿ ಬರುವ ಮಾತಿಗೆ ಸಿಟ್ಟೂ ಇಲ್ಲ, ಸಲುಗೆಯೂ ಇಲ್ಲ. ಹೊರಗಿನ ತಂಡಗಳು ಇಂಗ್ಲಿಷಿನಲ್ಲಿ ಕೇಳಿ, ಮಲಯಾಳಕ್ಕೆ ತಿಳಿಸಿ, ಅಲ್ಲಿಂದ ತುಳುವಿಗೆ ದಾಟಿಸಿ, ಉತ್ತರವನ್ನು ಅದೇ ದಾರಿಯಲ್ಲಿ ಹಿಂದಕ್ಕೆ ಪಡೆಯುವಾಗ ಅರ್ಧ ನಿಮಿಷದ ಉತ್ತರ ಒಂದು ವಾಕ್ಯವಾಗಿ ಕುಗ್ಗುತ್ತದೆ. ನಾನು ಜೊತೆಗೆ ಹೋಗುವ ತಂಡಗಳಿಗೆ ಇಟ್ಟ ಷರತ್ತು ಒಂದೇ: ಜನ ಯಾವ ಭಾಷೆಯಲ್ಲಿ ಜಗಳವಾಡುತ್ತಾರೋ ಆ ಭಾಷೆಯಲ್ಲೇ ಮಾತಾಡಲಿ, ಅನುವಾದವನ್ನು ಸಂಜೆ ಕುಳಿತು ಮಾಡೋಣ, ಸ್ಥಳದಲ್ಲಿ ಬೇಡ. ಇದರಿಂದ ನಿರ್ದೇಶಕರಿಗೆ ಆ ಹೊತ್ತಿನಲ್ಲಿ ಏನು ನಡೆಯುತ್ತಿದೆ ಎಂದು ಪೂರ್ತಿ ತಿಳಿಯುವುದಿಲ್ಲ, ಆತಂಕವಾಗುತ್ತದೆ. ಆ ಆತಂಕವನ್ನು ತಾಳಿಕೊಂಡವರ ಚಿತ್ರಗಳೇ ಚೆನ್ನಾಗಿ ಬಂದಿವೆ.

ಹಾಗಾದರೆ ಕಥೆ ಮೊದಲು ಕಣ್ಣಿಗೆ ಬೀಳುವುದು ಎಲ್ಲಿ? ನನ್ನ ಅನುಭವದಲ್ಲಿ ಕೆಲಸದ ಜಾಗದಲ್ಲಿ. ಜನರನ್ನು ಕುರ್ಚಿಯಲ್ಲಿ ಕೂರಿಸಿ ಬದುಕಿನ ಬಗ್ಗೆ ಕೇಳುವುದಕ್ಕಿಂತ ಅವರ ಕೈಗಳಿಗೆ ಗೊತ್ತಿರುವ ಕೆಲಸದ ಪಕ್ಕದಲ್ಲಿ ಇರುವುದರಿಂದ ಹೆಚ್ಚು ತಿಳಿಯುತ್ತದೆ. ನಮ್ಮಲ್ಲಿ ತೊಳಿಲುರಪ್ಪು ಎಂದೇ ಕರೆಯುವ ಉದ್ಯೋಗ ಖಾತರಿ ಕೆಲಸಕ್ಕೆ ಬರುವ ಹೆಂಗಸರ ಬುತ್ತಿ ಬಿಚ್ಚುವ ಹೊತ್ತು, ಅಡಿಕೆ ಸುಲಿಯುವ ರಾತ್ರಿಗಳು, ಪುತ್ತೂರಿಗೆ ಹೋಗುವ ಬೆಳಗಿನ ಬಸ್ಸು, ಇವೆಲ್ಲ ನನಗೆ ಪತ್ರಿಕೆಯ ಮುಖಪುಟಕ್ಕಿಂತ ಹೆಚ್ಚು ಕೊಟ್ಟಿವೆ. ಹೆಂಗಸಾದುದರಿಂದ ಅಡುಗೆಮನೆಯ ತನಕ ಹೋಗುವ ಅನುಕೂಲ ನನಗಿದೆ ಎಂಬುದನ್ನೂ ಹೇಳಬೇಕು. ಗಂಡಸರ ತಂಡಕ್ಕೆ ಹಲವು ಮನೆಗಳ ಕಥೆ ಜಗಲಿಯಲ್ಲೇ ನಿಲ್ಲುತ್ತದೆ.

ಬೀಡಿ ಕಟ್ಟುವ ಒಬ್ಬ ಅಕ್ಕನ ಕುರಿತ ಚಿತ್ರ ಹಾಗೆಯೇ ಶುರುವಾಯಿತು. ಮಂಜೇಶ್ವರದ ಕಡೆಯಿಂದ ಮಂಗಳೂರಿನವರೆಗೆ ಬೀಡಿಯ ಹಣದಿಂದ ಮದುವೆಯಾದ, ಓದಿದ, ಮನೆ ಕಟ್ಟಿದ ಕುಟುಂಬಗಳು ಎಷ್ಟೋ ಇವೆ. ಆ ಅಕ್ಕ ಹಿಂದಿನ ರಾತ್ರಿ ನೆನೆಸಿ ಗೋಣಿಯಲ್ಲಿ ಸುತ್ತಿಟ್ಟ ಎಲೆಯನ್ನು ಬೆಳಿಗ್ಗೆ ಬಿಡಿಸಿ, ತಗಡಿನ ಅಳತೆಯನ್ನು ಎಲೆಯ ಮೇಲಿಟ್ಟು ಕತ್ತರಿಯಿಂದ ಕತ್ತರಿಸುವಾಗ ನರಗಳಿರುವ ಭಾಗವನ್ನು ನೋಡದೆಯೇ ತಪ್ಪಿಸುತ್ತಿದ್ದರು. ತೊಡೆಯ ಮೇಲೆ ತಡ್ಪೆ ಎಂಬ ಮೊರ, ತಡ್ಪೆಯ ಒಂದು ಮೂಲೆಯಲ್ಲಿ ಹೊಗೆಸೊಪ್ಪು, ಇನ್ನೊಂದರಲ್ಲಿ ಕತ್ತರಿಸಿದ ಎಲೆ. ಒಂದು ಚಿಟಿಕೆ ಸೊಪ್ಪು ಹಾಕಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಸುರುಳಿ ಮಾಡಿ, ನೂಲು ಸುತ್ತಿ, ತುದಿ ಮಡಚಿ ಹಾಕುವಷ್ಟರಲ್ಲಿ ಕಣ್ಣು ಟಿ.ವಿ.ಯ ಮೇಲೋ ದಾರಿಯ ಮೇಲೋ ಇರುತ್ತಿತ್ತು. ಬೀಡಿ ಕಂಪೆನಿಯ ಬ್ರಾಂಚಿನಲ್ಲಿ ಬೀಡಿ ಒಪ್ಪಿಸುವ ದಿನ ಮಾತ್ರ ಆ ಮುಖದ ರೀತಿಯೇ ಬೇರೆ. ಕೊಟ್ಟ ಕಟ್ಟುಗಳಲ್ಲಿ ಎಷ್ಟನ್ನು ಸರಿಯಿಲ್ಲವೆಂದು ತೆಗೆದುಹಾಕುತ್ತಾರೆ ಎಂಬ ಲೆಕ್ಕದ ಮೇಲೆ ಆ ವಾರದ ದಿನಸಿ ನಿಂತಿರುತ್ತದೆ. ಬದುಕು ಹೇಗಿದೆ ಎಂದು ಕೇಳಿದ್ದರೆ “ಹೀಗೇ ನಡೀತದೆ” ಎನ್ನುತ್ತಿದ್ದ ಆಕೆ, ಬ್ರಾಂಚಿನಿಂದ ಹಿಂದೆ ಬರುವ ದಾರಿಯಲ್ಲಿ ತಾನಾಗಿ ಸಾಲ, ಮಗಳ ನರ್ಸಿಂಗ್ ಫೀಸು, ಪಿಎಫ್ ಪುಸ್ತಕದಲ್ಲಿ ಹೆಸರು ತಪ್ಪಾದುದರಿಂದ ಆದ ಅಲೆದಾಟ ಎಲ್ಲವನ್ನೂ ಹೇಳಿದರು. ನಡೆಯುವಾಗ ಜನ ಎದುರಿನವರ ಮುಖ ನೋಡಬೇಕಾಗಿಲ್ಲ, ಆದುದರಿಂದ ಮಾತು ಸಲೀಸಾಗುತ್ತದೆ ಎಂದು ನನಗೆ ತೋರುತ್ತದೆ.

ಬೀಡಿ ಹೊಗೆಸೊಪ್ಪಿಗೆ ಹೆಸರಾದ ನಿಪ್ಪಾಣಿಯೂ ಒಂದು ಗಡಿಯ ಊರೇ. 1980ರಲ್ಲಿ ದೀಪಾ ಧನರಾಜ್, ನವ್ರೋಜ್ ಕಾಂಟ್ರಾಕ್ಟರ್, ಅಭಾ ಭೈಯ್ಯಾ, ಮೀರಾ ರಾವ್ ಸೇರಿ ಕಟ್ಟಿದ ಯುಗಾಂತರ್ ಎಂಬ ತಂಡ ಅಲ್ಲಿಯ ತಂಬಾಕು ಕಾರ್ಖಾನೆಗಳ ಹೆಂಗಸರೊಡನೆ ಸೇರಿ ಅವರ ದುಡಿಮೆ ಮತ್ತು ಸಂಘಟನೆಯ ಬಗ್ಗೆ ಚಿತ್ರ ಮಾಡಿತು. ಆ ತನಕ ನಮ್ಮ ಜನ ನೋಡಿದ್ದ ಸಾಕ್ಷ್ಯಚಿತ್ರವೆಂದರೆ ಮುಖ್ಯವಾಗಿ 1948ರಲ್ಲಿ ಶುರುವಾದ, ಸರಕಾರದ ಫಿಲ್ಮ್ಸ್ ಡಿವಿಜನ್ನಿನ ಚಿತ್ರಗಳು. ಥಿಯೇಟರಿನಲ್ಲಿ ಕಥಾಚಿತ್ರಕ್ಕೆ ಮೊದಲು ಅವು ಬರುತ್ತಿದ್ದವು, ಗಂಭೀರ ಗಂಡುದನಿಯೊಂದು ತೆರೆಯ ಮೇಲಿನ ಮನುಷ್ಯರ ಪರವಾಗಿ ಎಲ್ಲವನ್ನೂ ಹೇಳಿಬಿಡುತ್ತಿತ್ತು. ಯುಗಾಂತರ್‌ನಂಥ ತಂಡಗಳು ಮಾಡಿದ ದೊಡ್ಡ ಕೆಲಸವೆಂದರೆ ಆ ದನಿಯನ್ನು ಬದಿಗಿಟ್ಟು, ಚಿತ್ರದಲ್ಲಿ ಏನಿರಬೇಕು ಎಂಬ ಚರ್ಚೆಯೊಳಕ್ಕೇ ದುಡಿಯುವ ಹೆಂಗಸರನ್ನು ಕರೆದುಕೊಂಡದ್ದು. ಬೀಡಿಯ ಚಿತ್ರದ ವೇಳೆ ನಾನೂ ಇದನ್ನು ಮನಸ್ಸಿನಲ್ಲಿಟ್ಟುಕೊಂಡು, ನಿಮ್ಮ ಕೆಲಸದಲ್ಲಿ ಜನ ನೋಡಲೇಬೇಕಾದದ್ದು ಯಾವುದು ಎಂದು ಅಕ್ಕನನ್ನು ಕೇಳಿದೆ. ಅವರು ಕೈ ತೋರಿಸಲಿಲ್ಲ. ಬೆನ್ನು ತೋರಿಸಿ, “ಇದನ್ನು ತೆಗೀರಿ. ಸಂಜೆಗೆ ಏಳುವಾಗ ಹೇಗೆ ಏಳ್ತೇನೆ ಅಂತ ತೆಗೀರಿ” ಎಂದರು. ಚಿತ್ರದಲ್ಲಿ ಅತ್ಯಂತ ದೀರ್ಘವಾದ ದೃಶ್ಯ ಅದೇ ಆಗಿ ಉಳಿಯಿತು: ಗೋಡೆಗೆ ಒಂದು ಕೈ, ನೆಲಕ್ಕೆ ಒಂದು ಕೈ, ಮೊದಲು ಬಲಗಾಲು.

ದುಡ್ಡಿನ ವಿಷಯವನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಚಿತ್ರದಲ್ಲಿ ಕಾಣಿಸಿಕೊಳ್ಳುವವರಿಗೆ ಹಣ ಕೊಡಬಾರದು, ಕೊಟ್ಟರೆ ಅವರು ನಮಗೆ ಬೇಕಾದುದನ್ನೇ ಹೇಳುತ್ತಾರೆ ಎಂಬ ವಾದ ಹಳೆಯದು. ಅದರಲ್ಲಿ ಸತ್ಯವಿದೆ, ಆದರೆ ಅದು ತಿಂಗಳ ಸಂಬಳ ಬರುವವರು ಕಟ್ಟಿದ ವಾದ. ಸಾವಿರ ಬೀಡಿಗೆ ಇಷ್ಟೆಂದು ಕೂಲಿ ಪಡೆಯುವವರ ಎರಡು ಗಂಟೆಯನ್ನು ನಾನು ತೆಗೆದುಕೊಂಡರೆ ಅದು ಅವರ ಗಳಿಕೆಯಿಂದ ನೇರವಾಗಿ ಕಳೆಯುತ್ತದೆ. ಮಾತಿಗೆ ನಾನು ಹಣ ಕೊಡುವುದಿಲ್ಲ. ಕಳೆದುಹೋದ ದುಡಿಮೆಗೆ ಕೊಡುತ್ತೇನೆ, ಚಿತ್ರೀಕರಣಕ್ಕೆ ಮೊದಲೇ ಲೆಕ್ಕ ಮಾಡಿ, ಮನೆಯವರೆಲ್ಲರ ಎದುರಿನಲ್ಲೇ ಕೊಡುತ್ತೇನೆ. ಒಪ್ಪಿಗೆ ಪತ್ರದ ವಿಷಯದಲ್ಲೂ ಇಂಥದೇ ಎಚ್ಚರ ಬೇಕು. ಕನ್ನಡ ಮಾತ್ರ ಓದಬಲ್ಲವರಿಂದ ಇಂಗ್ಲಿಷಿನ ಎರಡು ಪುಟಕ್ಕೆ ಸಹಿ ಹಾಕಿಸಿಕೊಂಡು ಹೋಗುವುದನ್ನು ನಾನು ಕಂಡಿದ್ದೇನೆ, ಆ ಸಹಿಗೆ ನ್ಯಾಯಾಲಯದಲ್ಲಿ ಬೆಲೆ ಇರಬಹುದು, ನನ್ನ ಕಣ್ಣಿನಲ್ಲಿಲ್ಲ. ಪತ್ರವನ್ನು ಅವರ ಭಾಷೆಯಲ್ಲಿ ಗಟ್ಟಿಯಾಗಿ ಓದಿ ಹೇಳಬೇಕು, ಚಿತ್ರ ಎಲ್ಲೆಲ್ಲಿ ಹೋಗಬಹುದು ಎಂದು ತಿಳಿಸಬೇಕು, ಯೂಟ್ಯೂಬಿಗೆ ಹಾಕಿದರೆ ಗಲ್ಫಿನಲ್ಲಿರುವ ಅಳಿಯನೂ ನೋಡುತ್ತಾನೆ ಎಂಬುದನ್ನು ಬಿಡಿಸಿ ಹೇಳಬೇಕು. ಹಾಗೆ ಹೇಳಿದಾಗ ಕೆಲವರು ಹಿಂದೆ ಸರಿಯುತ್ತಾರೆ. ಸರಿಯಲಿ.

ಈಗ ನಡೆಯುತ್ತಿರುವ ಕೆಲಸ ಸುರಂಗಗಳ ಬಗ್ಗೆ. ಗಡಿಯ ಆಚೆಯ ಓದುಗರಿಗಾಗಿ ಹೇಳುವುದಾದರೆ, ಸುರಂಗವೆಂದರೆ ಮುರಕಲ್ಲಿನ ಗುಡ್ಡದ ಬದಿಯಿಂದ ಅಡ್ಡಕ್ಕೆ, ಒಬ್ಬ ಮನುಷ್ಯ ಕುಗ್ಗಿ ನುಗ್ಗುವಷ್ಟು ಅಗಲಕ್ಕೆ ಕೊರೆದ ನೀರಿನ ದಾರಿ. ಒಳಗೆ ಒಸರುವ ನೀರು ಯಾವ ಪಂಪೂ ಇಲ್ಲದೆ ತಾನಾಗಿ ಹರಿದು ಬಾಯಿಯ ಎದುರಿನ ಮಣ್ಣಿನ ಕೆರೆಯಲ್ಲಿ ತುಂಬುತ್ತದೆ, ಅಲ್ಲಿಂದ ಹಿಂದೆ ಅಡಿಕೆ ಮರದ ದಂಬೆಯಲ್ಲಿ, ಈಗ ಪೈಪಿನಲ್ಲಿ, ಮನೆಗೂ ತೋಟಕ್ಕೂ ಹೋಗುತ್ತದೆ. ಬಾಯಾರಿನ ಸುತ್ತಮುತ್ತ ಇಂಥವು ಬಹಳ. ಕೊಳವೆಬಾವಿಗಳು ಬಂದ ಮೇಲೆ ಹೊಸದಾಗಿ ಕೊರೆಸುವವರು ಕಡಿಮೆಯಾದರು, ಕೊರೆಯುವ ಕೈಗಳೂ ಕಡಿಮೆಯಾದವು. ಈ ವಿಷಯವನ್ನು ನೀರಿನ ಕೊರತೆಯ ಚಿತ್ರವಾಗಿ, ಅಂಕಿಅಂಶ ಮತ್ತು ತಜ್ಞರ ಮಾತುಗಳಿಂದ ಮಾಡುವುದು ಸುಲಭ, ಮಾಡಿದವರೂ ಇದ್ದಾರೆ. ನನಗೆ ಬೇಕಾದದ್ದು ಕೊರೆಯುವ ಒಬ್ಬ ಅಜ್ಜ.

ಅವರೊಡನೆ ಒಳಗೆ ಹೋದಾಗ ಮೊದಲು ತಿಳಿದದ್ದು ಅಲ್ಲಿ ಸಂದರ್ಶನ ನಡೆಯುವುದಿಲ್ಲವೆಂದು. ಬಾಯಿಯಿಂದ ಸ್ವಲ್ಪ ಒಳಗೆ ಹೋಗುವಷ್ಟರಲ್ಲಿ ಹೊರಗಿನ ಹಕ್ಕಿಗಳ ದನಿ ನಿಂತು, ನಮ್ಮ ಉಸಿರೇ ಮೈಕಿನಲ್ಲಿ ದೊಡ್ಡದಾಗಿ ಕೇಳುತ್ತದೆ. ನಮ್ಮ ಎಲ್‌ಇಡಿ ದೀಪ ಅಜ್ಜನಿಗೆ ಬೇಡ. ಅವರ ಮೇಣದ ಬತ್ತಿಯ ಜ್ವಾಲೆ ಕುಗ್ಗಿದರೆ ಒಳಗೆ ಗಾಳಿ ಸಾಲದೆಂದು ಅರ್ಥ, ಎದ್ದು ಹೊರಗೆ ಬರಬೇಕು. ಹೆಚ್ಚಿನ ಬೆಳಕು ಆ ಗುರುತನ್ನು ಮರೆಸುತ್ತದೆ ಎಂದು ಅವರು ಹೇಳಿದ ಮೇಲೆ ಬತ್ತಿಯ ಬೆಳಕಿನಲ್ಲೇ ಚಿತ್ರೀಕರಿಸಲು ನಿಶ್ಚಯಿಸಿದೆವು. ಚಿತ್ರ ಕಾಳುಕಾಳಾಗಿದೆ, ಇರಲಿ. ಅಜ್ಜ ಕುಕ್ಕರುಗಾಲಿನಲ್ಲಿ ಕುಳಿತು ಗಿಡ್ಡ ಹಿಡಿಯ ಪಿಕಾಸಿಯಿಂದ ನಾಲ್ಕು ಏಟು ಹಾಕುತ್ತಾರೆ, ನಿಲ್ಲಿಸುತ್ತಾರೆ, ಬೀಳದೆ ಉಳಿದ ಮಣ್ಣಿಗೆ ಅಂಗೈ ಹಚ್ಚುತ್ತಾರೆ, ಕೈಯನ್ನು ಕೆನ್ನೆಗೆ ತಾಗಿಸಿ ತಂಪು ನೋಡುತ್ತಾರೆ. ನೀರು ಎತ್ತ ಕಡೆ ಎಂಬ ತೀರ್ಮಾನ ಅಲ್ಲಿ ಆಗುತ್ತದೆ. ಈ ತೀರ್ಮಾನ ಹೇಗೆ ಮಾಡುತ್ತೀರಿ ಎಂದು ಹೊರಗೆ ಬಂದ ಮೇಲೆ ಕೇಳಿದರೆ, “ಅದು ಗೊತ್ತಾಗ್ತದೆ ಮಗಳೇ” ಎಂಬುದಕ್ಕಿಂತ ಹೆಚ್ಚಿಲ್ಲ. ಅಂಗೈಯಿಂದ ಕೆನ್ನೆಗೆ ಹೋದ ಆ ಕೈ ಕ್ಯಾಮೆರಾದಲ್ಲಿ ಸಿಕ್ಕಿದೆ. ಅದಕ್ಕೆ ನಾನು ವಿವರಣೆಯ ಮಾತು ಸೇರಿಸುವುದಿಲ್ಲ.

ಇಷ್ಟಕ್ಕೆಲ್ಲ ಬೇಕಾದ ಸಮಯ ಎಲ್ಲಿಂದ ಬರುತ್ತದೆ ಎಂಬುದು ಸ್ವತಂತ್ರ ಚಿತ್ರಕಾರರ ನಿಜವಾದ ಕಷ್ಟ. ಜಪಾನಿನ ಒಗಾವಾ ಶಿನ್ಸುಕೆ ಮತ್ತು ಅವರ ತಂಡ, ನರಿತಾ ವಿಮಾನ ನಿಲ್ದಾಣಕ್ಕೆ ಭೂಮಿ ಕಳೆದುಕೊಳ್ಳುತ್ತಿದ್ದ ರೈತರ ನಡುವೆ ವರ್ಷಗಟ್ಟಲೆ ಇದ್ದು ಚಿತ್ರ ಮಾಡಿದ ಮೇಲೆ, 1970ರ ದಶಕದಲ್ಲಿ ಯಾಮಾಗತಾ ಪ್ರಾಂತದ ಮಗಿನೊ ಎಂಬ ಹಳ್ಳಿಗೆ ಹೋಗಿ ನೆಲೆಸಿ, ತಾವೇ ಭತ್ತ ಬೆಳೆಯುತ್ತ ಚಿತ್ರ ಮಾಡಿದರು. ಅಷ್ಟು ಮಾಡಲು ನಮ್ಮಲ್ಲಿ ಯಾರಿಗೂ ಆಗಲಿಕ್ಕಿಲ್ಲ. ಇಲ್ಲಿಯ ದಾರಿಗಳು ಬೇರೆ. 2000ದಲ್ಲಿ ಶುರುವಾದ ಪಿಎಸ್‌ಬಿಟಿ (ಪಬ್ಲಿಕ್ ಸರ್ವಿಸ್ ಬ್ರಾಡ್‌ಕಾಸ್ಟಿಂಗ್ ಟ್ರಸ್ಟ್) ಅನೇಕರ ಮೊದಲ ಚಿತ್ರಗಳಿಗೆ ಹಣ ಕೊಟ್ಟಿತು, ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್‌ನಂಥ ಸಂಸ್ಥೆಗಳ ಅನುದಾನ ಕೆಲವರಿಗೆ ಸಿಗುತ್ತದೆ, ಸರಕಾರದ ಫಿಲ್ಮ್ಸ್ ಡಿವಿಜನ್ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ ಎನ್‌ಎಫ್‌ಡಿಸಿಯೊಳಗೆ ಸೇರಿಹೋಯಿತು. ಅನುದಾನದ ಅರ್ಜಿಯಲ್ಲಿ ಕಥೆಯನ್ನು ಮೊದಲೇ ಬರೆದು ಕೊಡಬೇಕಾಗುತ್ತದೆ, ಮುಖ್ಯ ವ್ಯಕ್ತಿ ಯಾರು, ಅವರ ಬದುಕಿನಲ್ಲಿ ಏನು ಬದಲಾಗಲಿದೆ ಎಂದು ಇನ್ನೂ ನಡೆಯದುದನ್ನು ಹೇಳಬೇಕಾಗುತ್ತದೆ. ಸಿದ್ಧಮಾತನ್ನು ಮೀರಬೇಕಾದ ಚಿತ್ರಕಾರನಿಂದಲೇ ಸಿದ್ಧಮಾತು ಬರೆಸುವ ಈ ಪದ್ಧತಿ ನನಗೆ ಸರಿಕಾಣುವುದಿಲ್ಲ. ನನ್ನ ಚಿತ್ರಗಳಿಗೆ ಹಣ ಬರುವುದು ಮದುವೆ, ಉಪನಯನ, ಯಕ್ಷಗಾನ ಬಯಲಾಟಗಳ ವಿಡಿಯೋ ಕೆಲಸದಿಂದ. ಆ ಕೆಲಸವನ್ನು ನಾನು ಗೌರವದಿಂದಲೇ ಮಾಡುತ್ತೇನೆ, ಯಾಕೆಂದರೆ ಮುಂದೆ ಸಾಕ್ಷ್ಯಚಿತ್ರಕ್ಕೆ ತಮ್ಮ ಬಾಗಿಲು ತೆರೆದ ಮನೆಗಳಲ್ಲಿ ಹೆಚ್ಚಿನವು ನನ್ನನ್ನು ಮೊದಲು ಕಂಡದ್ದು ಯಾವುದೋ ಮದುವೆ ಚಪ್ಪರದಲ್ಲಿ.

ಸಂಕಲನದ ಮೇಜಿನಲ್ಲಿ ಹೊಸ ಜವಾಬ್ದಾರಿ ಶುರುವಾಗುತ್ತದೆ. ಅಲ್ಲಿ ಮನುಷ್ಯರು ಎದುರಿಗಿಲ್ಲ, ತಡೆದು ಕೇಳುವವರಿಲ್ಲ, ಒಂದು ಮಾತಿನ ಪಕ್ಕಕ್ಕೆ ಇನ್ನೊಂದು ದಿನದ ಮುಖವನ್ನು ಜೋಡಿಸಿದರೆ ಅರ್ಥವೇ ಬದಲಾಗುತ್ತದೆ. ಆಸ್ಕರ್ ನಾಮನಿರ್ದೇಶನ ಪಡೆದ ಭಾರತೀಯ ಸಾಕ್ಷ್ಯಚಿತ್ರ ‘ರೈಟಿಂಗ್ ವಿತ್ ಫೈರ್’ ಬಗ್ಗೆ, ಅದರ ವಸ್ತುವೇ ಆಗಿದ್ದ, ಉತ್ತರ ಭಾರತದ ಹಳ್ಳಿಗಾಡಿನ ಹೆಂಗಸರು ನಡೆಸುವ ‘ಖಬರ್ ಲಹರಿಯಾ’ ಪತ್ರಿಕೆಯ ಮಹಿಳೆಯರು 2022ರ ಮಾರ್ಚಿನಲ್ಲಿ ಹೇಳಿಕೆ ಹೊರಡಿಸಿ, ತಮ್ಮ ಕೆಲಸದ ಒಂದು ಭಾಗವನ್ನಷ್ಟೇ ಅದು ಪೂರ್ತಿಯೆಂಬಂತೆ ತೋರಿಸಿದೆ ಎಂದು ತಕರಾರು ಎತ್ತಿದರು. ಯಾರದು ಸರಿ ಎಂದು ತೀರ್ಪು ಕೊಡುವಷ್ಟು ನಾನು ಆ ಕೆಲಸದ ಒಳಗಿರಲಿಲ್ಲ. ಆದರೆ ಪತ್ರಿಕೆ ನಡೆಸುವವರಾದುದರಿಂದ ಅವರ ಹೇಳಿಕೆ ಲೋಕಕ್ಕೆ ಕೇಳಿಸಿತು. ಬೀಡಿ ಕಟ್ಟುವವರ ತಕರಾರು ಅವರ ಅಂಗಳದಾಚೆಗೆ ಕೇಳಿಸುವುದಿಲ್ಲ, ಆದುದರಿಂದ ಚಿತ್ರ ಹೊರಗೆ ಹೋಗುವ ಮೊದಲೇ ಅವರ ಅಂಗಳಕ್ಕೆ ಹೋಗಬೇಕು. ಫ್ರಾನ್ಸಿನ ಝಾನ್ ರೂಶ್ ಮತ್ತು ಎಡ್ಗಾರ್ ಮೊರಾನ್ 1961ರಲ್ಲೇ ತಮ್ಮ ಚಿತ್ರವನ್ನು ಅದರಲ್ಲಿದ್ದವರಿಗೆ ತೋರಿಸಿ, ಅವರು ಒಬ್ಬರನ್ನೊಬ್ಬರು ಟೀಕಿಸಿದ್ದನ್ನೂ ಚಿತ್ರದೊಳಗೇ ಸೇರಿಸಿದ್ದರು.

ಬೀಡಿಯ ಚಿತ್ರದ ಮೊದಲ ರೂಪವನ್ನು ಅಕ್ಕನ ಮನೆಯ ಅಂಗಳದಲ್ಲಿ, ಎರಡು ಅಡಿಕೆ ಮರಗಳ ನಡುವೆ ಬಿಳಿ ಬೆಡ್‌ಶೀಟು ಕಟ್ಟಿ ತೋರಿಸಿದೆವು. ನೆರೆಯ ಬೀಡಿ ಕಟ್ಟುವ ಹೆಂಗಸರೂ ಬಂದರು, ಎಲೆ ಕತ್ತರಿಸುವ ದೃಶ್ಯಕ್ಕೆ ಅವರಿಂದ ಬಂದ ಮಾತುಗಳು ಯಾವ ವಿಮರ್ಶಕರಿಂದಲೂ ನನಗೆ ಬಂದಿಲ್ಲ. ಎಲೆಯ ಗುಣ ಈಚೆಗೆ ಹಾಳಾಗಿದೆ, ಅದರ ಬಗ್ಗೆ ಚಿತ್ರದಲ್ಲಿ ಒಂದು ಮಾತೂ ಇಲ್ಲವಲ್ಲ ಎಂದು ಒಬ್ಬರು ಕೇಳಿದರು. ಅದನ್ನು ಆಮೇಲೆ ಸೇರಿಸಿದೆ. ಅಕ್ಕ ಮಾತ್ರ ಎಲ್ಲರೂ ಹೋಗುವವರೆಗೆ ಸುಮ್ಮನಿದ್ದು, ಸಾಲದ ವಿಷಯ ತೆಗೆದುಬಿಡಿ, ಮಗಳಿಗೆ ಸಂಬಂಧ ನೋಡುತ್ತಿದ್ದೇವೆ ಎಂದರು. ಸಂಕಲನಕಾರ ಗೆಳೆಯನಿಗೆ ಬೇಸರವಾಯಿತು, ಬ್ರಾಂಚಿನಿಂದ ಬರುವ ದಾರಿಯ ಆ ಮಾತು ಚಿತ್ರದ ನಡುಗಂಬವೇ ಆಗಿತ್ತು. ನಾವು ಅದನ್ನು ತೆಗೆದೆವು. ಚಿತ್ರಕ್ಕೆ ಅದರಿಂದ ನಷ್ಟವಾಗಿದೆ, ಅದನ್ನು ಮುಚ್ಚಿಡುವುದಿಲ್ಲ. ಒಂದು ಒಳ್ಳೆಯ ಚಿತ್ರಕ್ಕಾಗಿ ಒಂದು ಹುಡುಗಿಯ ಮದುವೆಯ ಮಾತು ತಪ್ಪಬಾರದು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಚಿತ್ರ ಅವರ ಬದುಕಿಗಿಂತ ದೊಡ್ಡದಲ್ಲ.

ಮುಂದಿನ ದಾರಿ ಹೆಚ್ಚು ವಿವರಿಸಬೇಕಾದುದಲ್ಲ. ಸಾರ್ವಜನಿಕ ಪ್ರದರ್ಶನಕ್ಕೆ 1952ರ ಸಿನೆಮಾಟೋಗ್ರಾಫ್ ಕಾಯಿದೆಯಂತೆ ಪ್ರಮಾಣಪತ್ರ ಬೇಕು, ಚಿತ್ರೋತ್ಸವಗಳಿಗೆ ವಿನಾಯಿತಿ ಸಿಗುತ್ತದೆ. ಕೇರಳ ಚಲಚ್ಚಿತ್ರ ಅಕಾಡೆಮಿ 2008ರಿಂದ ತಿರುವನಂತಪುರದಲ್ಲಿ ನಡೆಸುತ್ತಿರುವ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರಗಳ ಉತ್ಸವ ನಮ್ಮ ರಾಜ್ಯದವರಿಗೆ ದೊಡ್ಡ ಆಸರೆ. ಆದರೆ ಅಲ್ಲಿಗೆ ಕಳುಹಿಸುವ ಚಿತ್ರಕ್ಕೆ ಇಂಗ್ಲಿಷ್ ಅಡಿಬರಹ ಹಾಕುವ ನಾವು, ಅದೇ ತುಳು, ಮಲಯಾಳ, ಬ್ಯಾರಿ ಮಾತುಗಳಿಗೆ ಕನ್ನಡ ಅಡಿಬರಹ ಹಾಕುವುದನ್ನು ಬಿಟ್ಟುಬಿಡುತ್ತೇವೆ, ಹೀಗಾಗಿ ಗಡಿಯಾಚೆಯ ಪುತ್ತೂರು, ಸುಳ್ಯಗಳಲ್ಲೇ ನಮ್ಮ ಚಿತ್ರ ಅರ್ಧ ತಿಳಿಯುತ್ತದೆ. ಸುರಂಗದ ಚಿತ್ರಕ್ಕೆ ಕನ್ನಡ ಅಡಿಬರಹವನ್ನು ಮೊದಲು ಬರೆಯುತ್ತಿದ್ದೇನೆ. ಮಳೆ ಹಿಡಿಯುವ ಮೊದಲು ಅಜ್ಜನ ಹೊಸ ಸುರಂಗದಲ್ಲಿ ಇನ್ನೊಂದು ಸುತ್ತಿನ ಚಿತ್ರೀಕರಣ ಬಾಕಿಯಿದೆ. ಆಮೇಲೆ ಬಾಯಾರಿನ ವಾಚನಾಲಯದಲ್ಲಿ ಮೊದಲ ಪ್ರದರ್ಶನ. ಕೊರೆಯುವ ಕೆಲಸ ಕಲಿಯುವ ಆಸೆಯಿರುವ ಒಬ್ಬಿಬ್ಬರು ಹುಡುಗರನ್ನಾದರೂ ಅಲ್ಲಿಗೆ ಕರೆದುಕೊಂಡು ಬರಬೇಕೆಂದು ಅಜ್ಜ ಈಗಲೇ ಹೇಳಿಟ್ಟಿದ್ದಾರೆ, ಯಾರಾದರೂ ಇದ್ದರೆ ತಿಳಿಸಿ.